ಬೀಳು ನೆಲದ ಬೆಳೆ

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಸೋದರಿಯೊಬ್ಬರು ಕೇಳಿದಾಗ ಹಬ್ಬದ ಅಡುಗೆಯೋ, ತವರಿನ ನೆನಪೋ ಅವರ ಮನಸ್ಸಿನಲ್ಲಿದ್ದಿರಬೇಕು. ಗೃಹಿಣಿಯರಿಂದ ಎಲ್ಲರೂ ಅಪೇಕ್ಷಿಸುವುದು ಅದನ್ನೇ. ಹಿಂದಿನ ಸಮ್ಮೇಳನದ ಸಂಚಿಕೆಗೆ ನಾನು ಬರೆದುಕೊಟ್ಟದ್ದೂ ಅದನ್ನೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಈ ಬಾರಿ ಮಾತ್ರ ಒಂದು ಮರದ ವಿಷಯವನ್ನು, ಆ ಮರದ ಹೆಸರಿನಲ್ಲಿ ಬರೆಯಲಾಗುತ್ತಿರುವ ಲೆಕ್ಕದ ವಿಷಯವನ್ನು ಬರೆಯಲು ಹೊರಟಿದ್ದೇನೆ. ವಿಜ್ಞಾನ ಓದಿದವಳಲ್ಲ, ಮೈಸೂರಿನಲ್ಲಿ ಇತಿಹಾಸ ಮತ್ತು ಕನ್ನಡ ಓದಿ ಬಿ.ಎ. ಮಾಡಿದವಳು. ಆದರೆ ಅಣ್ಣ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕಾದ ಪ್ರಸಂಗ ಬಂದುದರಿಂದ, ಕಣ್ಣಾರೆ ಕಂಡದ್ದನ್ನೂ ಆ ಮೇಲೆ ಓದಿ ತಿಳಿದದ್ದನ್ನೂ ಒಟ್ಟುಗೂಡಿಸಬೇಕಾಯಿತು.

2025ರ ಯುಗಾದಿಯ ದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದರು. ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಹನ್ನೆರಡು ಎಕರೆ ಬೆದ್ದಲು ಇದೆ. ಅದರಲ್ಲಿ ಐದು ಎಕರೆ ಕಾಗದದ ಮೇಲೆ ನನ್ನದು. ಬೇವು ಬೆಲ್ಲದ ಶುಭಾಶಯ ಮುಗಿದ ಮೇಲೆ ಅಣ್ಣ ಮೆಲ್ಲನೆ ಹೇಳಿದರು: "ಯಾರೋ ಒಬ್ಬ ಹುಡುಗ ಬಂದಿದ್ದ ಕಣಮ್ಮ. ಹೊಲ ಉಳಬೇಡಿ, ಬಿತ್ತಬೇಡಿ, ಕುರಿ ಬಿಡಬೇಡಿ, ಮರ ತಾನಾಗಿ ಎದ್ದೇಳಲಿ. ಗಾಳಿಯಲ್ಲಿರೋ ಇಂಗಾಲವನ್ನ ಮರ ಹೀರುತ್ತೆ, ಅದಕ್ಕೆ ವರ್ಷ ವರ್ಷ ದುಡ್ಡು ಕೊಡ್ತೀವಿ ಅಂದ. ಇಪ್ಪತ್ತೈದು ವರ್ಷದ ಕರಾರಂತೆ. ನಿಮ್ಮ ಆಸ್ಟ್ರೇಲಿಯಾದಲ್ಲಿ ಹೀಗೇ ಮಾಡ್ತಾರೆ ಅಂತ ಫೋಟೋ ಎಲ್ಲ ತೋರಿಸಿದ. ನಿಜವೇನು? ಬೀಳು ಬಿಟ್ಟರೆ ದುಡ್ಡು ಕೊಡ್ತಾರಾ?"

ನಿಜ ಎಂದು ಹೇಳಿದೆ. ಆದರೆ ಅದೆಷ್ಟು ನಿಜ ಎಂದು ಆ ಕ್ಷಣದಲ್ಲಿ ಹೇಳಲಾಗಲಿಲ್ಲ.

'ಬೀಳು' ಎಂಬ ಮಾತಿಗೆ ನಮ್ಮ ಕಡೆ ಎಂಥ ಅರ್ಥವಿದೆ ಎಂಬುದು ಬಯಲುಸೀಮೆಯಿಂದ ಬಂದ ಓದುಗರಿಗೆ ಗೊತ್ತು. "ಅವರ ಹೊಲ ಬೀಳು ಬಿದ್ದಿದೆ" ಎಂದರೆ ಅದು ಹೊಲದ ವರ್ಣನೆಯಲ್ಲ, ಮನೆಯ ವರ್ಣನೆ. ಗಂಡು ದಿಕ್ಕಿಲ್ಲ, ಎತ್ತಿಲ್ಲ, ಅಥವಾ ಮಕ್ಕಳೆಲ್ಲ ದೂರದೇಶ ಸೇರಿದ್ದಾರೆ ಎಂದು ಅದರ ತಾತ್ಪರ್ಯ. ನಮ್ಮ ತಾಯಿ ಬದುಕಿರುವವರೆಗೂ ಆ ಮಾತು ಕಿವಿಗೆ ಬೀಳಬಾರದೆಂದು ಶೇಂಗಾ ಕೈಕೊಟ್ಟ ವರ್ಷವೂ ಹುರುಳಿಯನ್ನಾದರೂ ಚೆಲ್ಲಿಸುತ್ತಿದ್ದರು. ಅಂಥ ಬೀಳಿಗೇ ಬೆಲೆ ಕಟ್ಟಿ ಕೊಡುವ ದೇಶದಲ್ಲಿ ನಾನು ಇಪ್ಪತ್ತೇಳು ವರ್ಷಗಳಿಂದ ವಾಸವಾಗಿದ್ದೇನೆ.

ಬ್ರಿಸ್ಬೇನ್ ನಗರದಲ್ಲಿ ನೆಲೆಸಿದ ನಮಗೆ ಕಡಲತೀರದ ಆಸ್ಟ್ರೇಲಿಯಾ ಮಾತ್ರ ಪರಿಚಿತವಾಗಿತ್ತು. ಒಳನಾಡನ್ನು ತೋರಿಸಿದವಳು ಮಗಳು. ವೈದ್ಯಕೀಯ ಓದಿ ಮುಗಿಸಿದ ಅವಳನ್ನು 2019ರಲ್ಲಿ ಇಲ್ಲಿಂದ ಪಶ್ಚಿಮಕ್ಕೆ ಸುಮಾರು 750 ಕಿಲೋಮೀಟರ್ ದೂರದ ಕನಮಲ್ಲ ಎಂಬ ಪಟ್ಟಣಕ್ಕೆ ಕಳುಹಿಸಿದರು. ಹೆಸರು ಕೇಳಿ ಯಾರೋ ಶರಣರ ಹೆಸರಿರಬೇಕೆಂದು ನಮ್ಮ ಯಜಮಾನರು ನಕ್ಕಿದ್ದುಂಟು. ಆ ವರ್ಷ ಆಗಸ್ಟ್ ತಿಂಗಳಿನಲ್ಲಿ ಕಾರಿನ ಹಿಂಬದಿಗೆ ಅಕ್ಕಿ, ಬೇಳೆ, ಸಾರಿನಪುಡಿ ತುಂಬಿಕೊಂಡು ನಾವಿಬ್ಬರೂ ಹೊರಟೆವು. ಟುವೂಂಬಾ ಘಟ್ಟ ಹತ್ತಿ, ಗೂಂಡಿವಿಂಡಿ ದಾಟಿ, ಹತ್ತಿಯ ಹೊಲಗಳ ಸೇಂಟ್ ಜಾರ್ಜ್ ಮುಗಿದ ಮೇಲೆ ರಸ್ತೆ ದಾರದಂತೆ ನೇರವಾಯಿತು. ಬೋಲನ್ ಎಂಬ ಹಳ್ಳಿಯ ಆಚೆ ಮಣ್ಣು ಕೆಂಪಗಾಯಿತು. ಹಿರಿಯೂರಿನಿಂದ ಚಳ್ಳಕೆರೆಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಾಣುತ್ತಿದ್ದ ಅದೇ ಬಿಸಿಲು, ಅದೇ ಕುರುಚಲು. ಕನಮಲ್ಲದಲ್ಲಿ ವರ್ಷಕ್ಕೆ ಸರಾಸರಿ 370 ಮಿಲಿಮೀಟರಿನ ಆಸುಪಾಸು ಮಳೆ; ನಮ್ಮ ಚಳ್ಳಕೆರೆಯಲ್ಲಿ ಅದಕ್ಕಿಂತ ತುಸು ಹೆಚ್ಚು. ಆದರೆ ನಮ್ಮಲ್ಲಿ ಮುಂಗಾರು ಹಿಂಗಾರುಗಳಿಗೆ ಹೆಸರಿವೆ, ಮಳೆ ನಕ್ಷತ್ರಗಳಿವೆ. ಅಲ್ಲಿಯ ಮಳೆಗೆ ಪಂಚಾಂಗವೇ ಇಲ್ಲ. ಎರಡು ವರ್ಷ ಬಾರದೆ ಮೂರನೆಯ ವರ್ಷ ಮೂರು ವರ್ಷದ್ದನ್ನೂ ಒಮ್ಮೆಗೇ ಸುರಿಯುವುದು ಅದರ ಸ್ವಭಾವ.

ಮಗಳ ಚಿಕಿತ್ಸೆ ಪಡೆದಿದ್ದ ಹಿರಿಯ ದಂಪತಿಗಳಿಬ್ಬರು ನಮ್ಮನ್ನು ಒಂದು ಮಧ್ಯಾಹ್ನ ಚಹಾಕ್ಕೆ ಕರೆದಿದ್ದರು. ಅವರ 'ಸ್ಟೇಷನ್' ಪಟ್ಟಣದ ಪಶ್ಚಿಮಕ್ಕೆ, ಪರೂ ನದಿಯ ದಿಕ್ಕಿನಲ್ಲಿ. ಈ ದೇಶದಲ್ಲಿ ದೊಡ್ಡ ಗೋಮಾಳದಂಥ ಪಶುಪಾಲನೆಯ ಭೂಮಿಗೆ ಸ್ಟೇಷನ್ ಎನ್ನುತ್ತಾರೆ. ಅಲ್ಲಿ ರೈಲು ಬರುವುದಿಲ್ಲ. ಎಪ್ಪತ್ತು ಸಾವಿರ ಎಕರೆ ಎಂದು ಅವರು ಹೇಳಿದಾಗ ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಭಾವಿಸಿದೆ. ಅಷ್ಟು ನೆಲವಿದ್ದೂ ಅವರು ಶ್ರೀಮಂತರಲ್ಲ. ಆ ಮಣ್ಣಿನಲ್ಲಿ ಒಂದು ಕುರಿಗೆ ಹಲವು ಎಕರೆ ಬೇಕು.

ಆ ನೆಲದ ಒಡೆಯ ವಾಸ್ತವವಾಗಿ ಒಂದು ಮರ. ಅದರ ಹೆಸರು ಮಲ್ಗಾ. ನಮ್ಮ ಜಾಲಿಯ ಬಳಗದ್ದೇ, ಆದರೆ ಮುಳ್ಳಿಲ್ಲ. ಬೂದುಬಣ್ಣದ ಸಣ್ಣ ಎಲೆಗಳು, ಕೊಂಬೆಗಳೆಲ್ಲ ಕೈಯೆತ್ತಿ ಬೇಡುವಂತೆ ಮೇಲ್ಮುಖ. ನಾಲ್ಕು ಹನಿ ಬಿದ್ದರೂ ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಇಳಿದು ನೀರು ಬುಡವನ್ನೇ ಸೇರುತ್ತದೆ. ಒಗ್ಗರಣೆಯ ಎಣ್ಣೆಯನ್ನು ಲಾಳಿಕೆ ಇಟ್ಟು ಶೀಶೆಗೆ ಇಳಿಸಿದಂತೆ. ಆ ನೆಲದ ಮೂಲನಿವಾಸಿಗಳು ಇದರ ಬೀಜ ಬೀಸಿ ಹಿಟ್ಟು ಮಾಡುತ್ತಿದ್ದರು, ಮರದಿಂದ ಆಯುಧಗಳನ್ನು ಕೆತ್ತುತ್ತಿದ್ದರು. ಬಹಳ ನಿಧಾನವಾಗಿ ಬೆಳೆಯುವ ಮರ. ಕಡಿದರೆ ಅಥವಾ ಸುಟ್ಟರೆ ಬುಡದಿಂದ ಚಿಗುರುವುದು ವಿರಳ. ಬೀಜದಿಂದಲೇ ಮತ್ತೆ ಹುಟ್ಟಬೇಕು. ಹೂವಾಗಿ, ಬೀಜ ಕಟ್ಟಿ, ಮೊಳೆತು, ಸಸಿ ನಿಲ್ಲಬೇಕಾದರೆ ಒಂದರ ಮೇಲೊಂದು ಒಳ್ಳೆಯ ಮಳೆ ಒದಗಬೇಕು. ಆದುದರಿಂದ ಮಲ್ಗಾ ಪ್ರತಿವರ್ಷವೂ ಹುಟ್ಟುವುದಿಲ್ಲ. ದಶಕಕ್ಕೊಮ್ಮೆ ಇಮ್ಮೆ ಗುಂಪಾಗಿ ಹುಟ್ಟುತ್ತದೆ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ.

ಬರಗಾಲದಲ್ಲಿ ಹುಲ್ಲೆಲ್ಲ ತೀರಿದಾಗ ಕುರಿಗಳ ಜೀವ ಉಳಿಸುವುದು ಮಲ್ಗಾ ಸೊಪ್ಪೇ. ಒಗರು ಹೆಚ್ಚು, ಜೀರ್ಣವಾಗುವುದು ಕಡಿಮೆ, ಆದರೂ ಹೊಟ್ಟೆ ತುಂಬುತ್ತದೆ. ನಮ್ಮಲ್ಲಿ ಕುರಿಗಾಹಿಗಳು ದೋಟಿಯಿಂದ ಜಾಲಿಯ ಕಾಯಿ ಉದುರಿಸುವಂತೆ ಅಲ್ಲಿಯವರು ಬುಲ್ಡೋಜರಿನಿಂದ ಮರವನ್ನೇ ನೆಲಕ್ಕೆ ಕೆಡವಿ ಕುರಿಗಳಿಗೆ ಒಡ್ಡುತ್ತಾರೆ. ಮಳೆ ಬಂದಾಗ ಸಸಿಗಳು ವಿಪರೀತ ಎದ್ದು ಹುಲ್ಲನ್ನು ಮುಚ್ಚಿದರೆ ಅವನ್ನು ಕಳೆಯೆಂದು ಕಿತ್ತೆಸೆಯುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ನಡೆದುಬಂದ ಪದ್ಧತಿ ಇದು. ಉಣ್ಣೆಗೆ ಬೆಲೆಯಿದ್ದಷ್ಟು ಕಾಲ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಉಣ್ಣೆಗೆ ಕನಿಷ್ಠ ಬೆಲೆ ನಿಗದಿಪಡಿಸಿದ್ದ ಯೋಜನೆ 1991ರ ಫೆಬ್ರುವರಿಯಲ್ಲಿ ಕುಸಿದುಬಿತ್ತು. ಆಗ ಗೋದಾಮುಗಳಲ್ಲಿ ಸುಮಾರು 47 ಲಕ್ಷ ಬೇಲ್ ಉಣ್ಣೆ ಮಾರಾಟವಾಗದೆ ಕೊಳೆಯುತ್ತಿತ್ತು. ಆ ಹೊಡೆತದ ಮೇಲೆ 1997ರಿಂದ 2009ರವರೆಗಿನ ದೀರ್ಘ ಬರ. ನಮಗೆ ಚಹಾ ಕೊಟ್ಟ ಯಜಮಾನರು ಆ ವರ್ಷಗಳ ವಿಷಯ ಹೆಚ್ಚು ಮಾತನಾಡಲಿಲ್ಲ. "ಬ್ಯಾಂಕಿನವರು ಬಂದಾಗ ನಾಯಿಗಳೂ ಬೊಗಳುವುದನ್ನು ಬಿಟ್ಟಿದ್ದವು" ಎಂದಷ್ಟೇ ಹೇಳಿ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು.

ಅವರನ್ನು ಆ ಸಾಲದಿಂದ ಪಾರುಮಾಡಿದ್ದು ಗಾಳಿಯ ವ್ಯಾಪಾರ. ಆಸ್ಟ್ರೇಲಿಯಾ ಸರಕಾರ 2011ರಲ್ಲಿ ಇಂಗಾಲದ ಬೇಸಾಯಕ್ಕೆಂದೇ ಒಂದು ಕಾನೂನು ತಂದಿತು. ವಾತಾವರಣದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಹೀರಿ ಹಿಡಿದಿಟ್ಟರೆ, ಅಥವಾ ಅಷ್ಟನ್ನು ಗಾಳಿಗೆ ಬಿಡುವುದನ್ನು ತಪ್ಪಿಸಿದರೆ, ಒಂದು ಕ್ರೆಡಿಟ್. ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವಿರುತ್ತದೆ. ಒಂದು ಟನ್ ಇಂಗಾಲವೆಂದರೆ ಸುಮಾರು 3.67 ಟನ್ ಡೈಆಕ್ಸೈಡಿಗೆ ಸಮ. 2013ರಲ್ಲಿ ಇದಕ್ಕೊಂದು ಹೊಸ ವಿಧಾನ ಸೇರಿತು: ಗಿಡ ನೆಡಬೇಕಾಗಿಯೇ ಇಲ್ಲ, ಮೇಯಿಸುವುದನ್ನು ಹತೋಟಿಗೆ ತಂದು, ಕಾಡುಮೇಕೆಗಳನ್ನು ದೂರವಿಟ್ಟು, ಬುಲ್ಡೋಜರ್ ನಿಲ್ಲಿಸಿ, ಆ ನೆಲದ ಮರಗಳನ್ನು ತಾವಾಗಿ ಬೆಳೆಯಗೊಟ್ಟರೆ ಸಾಕು. ಎರಡು ಮೀಟರಿಗಿಂತ ಎತ್ತರದ ಮರಗಳ ನೆರಳು ನೆಲದ ಶೇಕಡಾ 20ನ್ನು ಮುಚ್ಚಿದರೆ ಅದು ಕಾನೂನಿನ ಕಣ್ಣಿನಲ್ಲಿ ಅರಣ್ಯ. ಮಲೆನಾಡಿನವರು ಇದನ್ನು ಓದಿ ನಗಬಾರದು. ಬೆಳೆದುದನ್ನು 25 ಇಲ್ಲವೇ 100 ವರ್ಷ ಉಳಿಸಿಕೊಳ್ಳುವ ಹೊಣೆ ಬೇರೆ. 25 ವರ್ಷವನ್ನು ಆರಿಸಿಕೊಂಡವರಿಗೆ ಕ್ರೆಡಿಟ್ಟಿನಲ್ಲಿ ಶೇಕಡಾ 20 ಕಡಿತ. 2015ರ ಏಪ್ರಿಲಿನಲ್ಲಿ ಸರಕಾರ ನಡೆಸಿದ ಮೊದಲ ಹರಾಜಿನಲ್ಲಿ ಟನ್ನಿಗೆ ಸರಾಸರಿ 13.95 ಡಾಲರ್ ಬೆಲೆ ಬಂತು.

ಆ ಸುದ್ದಿ ಮಲ್ಗಾ ಸೀಮೆಯಲ್ಲಿ ಮಳೆಯಂತೆ ಹರಡಿತು. ಇಂದು ಈ ಒಂದು ವಿಧಾನದಡಿ ನೋಂದಾಯಿತವಾದ ಯೋಜನೆಗಳ ಭೂಮಿಯನ್ನೆಲ್ಲ ಕೂಡಿಸಿದರೆ ಸುಮಾರು ನಾಲ್ಕು ಕೋಟಿ ಹೆಕ್ಟೇರ್, ಅಂದರೆ ಎರಡು ಕರ್ನಾಟಕದಷ್ಟು. ಅಷ್ಟರಲ್ಲಿ ಮರ ಎದ್ದೇಳುವುದೆಂದು ಲೆಕ್ಕಕ್ಕೆ ಹಿಡಿದಿರುವುದು ಒಂದು ಭಾಗವನ್ನು ಮಾತ್ರ. ಇದುವರೆಗೆ ಮೂರು ಕೋಟಿಗೂ ಹೆಚ್ಚು ಕ್ರೆಡಿಟ್‌ಗಳನ್ನು ಕೊಡಲಾಗಿದೆ.

ಯಜಮಾನರು ನಮ್ಮನ್ನು ಜೀಪಿನಲ್ಲಿ ಕರೆದೊಯ್ದು ತಮ್ಮ 'ಇಂಗಾಲದ ಪ್ಯಾಡಕ್' ತೋರಿಸಿದರು. ಕ್ರೆಡಿಟ್ಟಿನ ಹಣದಿಂದ ಕಟ್ಟಿಸಿದ ಆರಡಿ ಎತ್ತರದ ತಂತಿಬೇಲಿ ಕಣ್ಣು ಹರಿಯುವಷ್ಟು ದೂರ ಹೋಗಿತ್ತು. ಕಾಡುನಾಯಿ, ಕಾಂಗರೂ, ಮೇಕೆ ಯಾವುದೂ ಒಳಬರದಂತೆ ಮಾಡಿದ ಬೇಲಿ. ಒಳಗೆ ನನ್ನ ಭುಜದೆತ್ತರದ ಮಲ್ಗಾ ಗಿಡಗಳು. 2019 ಘೋರ ಬರದ ವರ್ಷ. ಗಿಡಗಳು ಬೂದಿ ಬಳಿದುಕೊಂಡ ಬೈರಾಗಿಗಳಂತೆ ನಿಂತಿದ್ದವು, ಕೆಲವು ಸತ್ತೇಹೋಗಿದ್ದವು. "ಇವು ಸತ್ತರೆ ಲೆಕ್ಕದಲ್ಲಿ ಕಳೆಯುತ್ತಾರೆಯೇ?" ಎಂದು ನಾನು ಕೇಳಿದೆ. ಅವರು ಕ್ಷಣಕಾಲ ಸುಮ್ಮನಿದ್ದು, ಮರಮರವನ್ನೂ ಯಾರೂ ಅಳೆಯುವುದಿಲ್ಲ, ಮಣ್ಣು ಮತ್ತು ಹವಾಮಾನವನ್ನು ಹಾಕಿ ಕಂಪ್ಯೂಟರಿನ ಒಂದು ಮಾದರಿಯಲ್ಲಿ ಬೆಳವಣಿಗೆಯನ್ನು ಎಣಿಸುತ್ತಾರೆ, ಉಪಗ್ರಹದ ಚಿತ್ರಗಳಿಂದ ಆಗಾಗ ತಾಳೆ ನೋಡುತ್ತಾರೆ ಎಂದು ವಿವರಿಸಿದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕಾನೂನು ಹೇಳಿದಂತೆ ಅವರು ನಡೆದುಕೊಂಡಿದ್ದರು.

ಹಿಂದಿರುಗಿದ ಮೇಲೆ ಅಡುಗೆಮನೆಯಲ್ಲಿ ಅವರ ಪತ್ನಿ ನನಗೊಂದು ಪುಸ್ತಕ ತೋರಿಸಿದರು. ಚಹಾಪುಡಿಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದ, ರಟ್ಟು ಕಿತ್ತ ಹಳೆಯ ಲೆಕ್ಕದ ಪುಸ್ತಕ. ಅದು ಮಳೆಯ ದಿನಚರಿ. ಅವರ ಅತ್ತೆ ಆರಂಭಿಸಿದ್ದು, ಮದುವೆಯಾಗಿ ಬಂದ ಮೇಲೆ ಇವರ ಕೈಗೆ ಬಂದದ್ದು. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಮಳೆಯಳತೆಯ ಕೊಳವೆ ನೋಡಿ ಬರೆಯುವುದು. ಹಳೆಯ ಪುಟಗಳಲ್ಲಿ ಅಂಗುಲದಲ್ಲಿ, 1970ರ ದಶಕದಿಂದ ಈಚೆಗೆ ಮಿಲಿಮೀಟರಿನಲ್ಲಿ. ಸೊನ್ನೆ, ಸೊನ್ನೆ, ಸೊನ್ನೆ ಎಂದು ಪುಟಗಟ್ಟಲೆ ಬರೆದಿದ್ದ ಆ ಕೈಬರಹವನ್ನು ನೋಡಿ ನನಗೆ ನಮ್ಮ ತಾಯಿಯ ಹಾಲಿನ ಲೆಕ್ಕದ ಕ್ಯಾಲೆಂಡರ್ ನೆನಪಾಯಿತು. ಮನೆಯ ಲೆಕ್ಕವನ್ನು ಯಾವ ದೇಶದಲ್ಲಾದರೂ ಹೆಂಗಸರೇ ಬರೆದಿಡುತ್ತಾರೇನೋ! 2010 ಮತ್ತು 2011ರ ಪುಟಗಳು ಮಾತ್ರ ಅಂಕಿಗಳಿಂದ ತುಂಬಿದ್ದವು. ಆಕೆ ಆ ಪುಟದ ಮೇಲೆ ಬೆರಳಿಟ್ಟು, ಕಿಟಕಿಯ ಹೊರಗೆ ನೋಡುತ್ತ, "ಆತ ತೋರಿಸಿದ ಗಿಡಗಳೆಲ್ಲ ಈ ಪುಟದವು" ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಅದರ ಅರ್ಥ ನನಗೆ ಅಂದು ಪೂರ್ತಿಯಾಗಿ ಹೊಳೆಯಲಿಲ್ಲ. ಬ್ರಿಸ್ಬೇನಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಕುಳಿತು, ಮಗಳಿಂದ ಬಿಡಿಸಿ ಕೇಳಿ, ಒಂದಷ್ಟು ತಿಳಿದುಕೊಂಡೆ. ಆ ಎರಡು ಮಳೆವರ್ಷಗಳು ಸಾಮಾನ್ಯವಾಗಿರಲಿಲ್ಲ. 2011ರಲ್ಲಿ ಭೂಮಂಡಲದ ಸಸ್ಯಗಳು ಎಂದಿಗಿಂತ ಹೆಚ್ಚಾಗಿ ಹೀರಿಕೊಂಡ ಇಂಗಾಲದಲ್ಲಿ ಹೆಚ್ಚುಕಡಿಮೆ ಶೇಕಡಾ 60ರಷ್ಟು ಆಸ್ಟ್ರೇಲಿಯಾದ ಪಾಲೆಂದು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ಒಣನೆಲ ಒಮ್ಮೆ ನೆನೆದರೆ ಅಷ್ಟು ಬಾಯಾರಿ ಕುಡಿಯುತ್ತದೆ. ಮರಳಿ ಬರ ಬಂದಾಗ ಹೀರಿದ್ದರ ಬಹುಭಾಗವನ್ನು ಹಿಂದಕ್ಕೂ ಕೊಟ್ಟುಬಿಡಬಲ್ಲದು. ಈಗ ಪ್ರಶ್ನೆಯಿರುವುದು ಇಲ್ಲಿಯೇ: ಮಲ್ಗಾ ಬೆಳೆದದ್ದು ಬೇಲಿ ಹಾಕಿದ್ದರಿಂದಲೋ, ಮಳೆ ಬಂದದ್ದರಿಂದಲೋ? ಹೇಗಿದ್ದರೂ ಬೆಳೆಯುತ್ತಿದ್ದ ಮರಕ್ಕೆ ಕ್ರೆಡಿಟ್ ಕೊಟ್ಟರೆ ಅದು ಏನನ್ನು ಕೊಂಡಂತಾಯಿತು? ದೂರದರ್ಶನದ ಜಾಹೀರಾತಿನಲ್ಲಿ ಹುಡುಗ ಎತ್ತರ ಬೆಳೆದದ್ದಕ್ಕೆ ಹಾಲಿಗೆ ಬೆರೆಸುವ ಪುಡಿಯ ಡಬ್ಬಿ ಶ್ರೇಯಸ್ಸು ಪಡೆಯುತ್ತದಲ್ಲ, ನನಗೆ ಅದು ನೆನಪಿಗೆ ಬಂತು. ಡಬ್ಬಿ ಇಲ್ಲದಿದ್ದರೂ ಹುಡುಗ ಬೆಳೆಯುತ್ತಿದ್ದ. ತುಸು ಸಹಾಯ ಆಗಿದ್ದರೂ ಆಗಿರಬಹುದು. ಎಷ್ಟು ಎಂಬುದನ್ನು ಹೇಳಬೇಕಾದರೆ ಪುಡಿ ಕುಡಿಯದ ಪಕ್ಕದ ಮನೆಯ ಹುಡುಗನನ್ನು ಅಳೆದು ನೋಡಬೇಕು.

ಹಾಗೆ ಅಳೆದೂ ನೋಡಿದರು. ಈ ಯೋಜನೆಯ ವಿಧಾನಗಳನ್ನು ಪರಿಶೀಲಿಸುವ ಸಮಿತಿಗೆ ಹಿಂದೊಮ್ಮೆ ಅಧ್ಯಕ್ಷರಾಗಿದ್ದ ಪ್ರೊಫೆಸರ್ ಆಂಡ್ರೂ ಮೆಕಿಂಟಾಷ್ ಅವರೇ 2022ರ ಮಾರ್ಚ್ ತಿಂಗಳಿನಲ್ಲಿ ಇದರಲ್ಲಿ ಬಹುಪಾಲು ಹುಸಿಯೆಂದು ಬಹಿರಂಗವಾಗಿ ಹೇಳಿದಾಗ ದೇಶವೆಲ್ಲ ಬೆಚ್ಚಿತು. ಅವರೂ ಸಂಗಡಿಗರೂ 182 ಯೋಜನೆಗಳ ಉಪಗ್ರಹ ದಾಖಲೆಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರಾಂಶ ಇಷ್ಟು: ಕ್ರೆಡಿಟ್ ಪಡೆದ ನೆಲದಲ್ಲಿ ಕಾಡು ಮರಳಿದ್ದಕ್ಕೆ ಸಾಕ್ಷ್ಯ ಅಲ್ಪ, ಬೇಲಿಯ ಒಳಗೆ ಮರದ ಹೊದಿಕೆ ಏರಿಳಿದಂತೆಯೇ ಪಕ್ಕದ ನೆಲದಲ್ಲಿಯೂ ಏರಿಳಿದಿದೆ. ಇನ್ನೊಂದು ಆಕ್ಷೇಪವೂ ಇದೆ. ಇವುಗಳಲ್ಲಿ ಅನೇಕ ಪ್ರದೇಶಗಳನ್ನು ಹಿಂದೆಂದೂ ಸಂಪೂರ್ಣವಾಗಿ ಕಡಿದೇ ಇರಲಿಲ್ಲ. ಆ ಮಣ್ಣು, ಆ ಮಳೆ ಹೊರಬಲ್ಲಷ್ಟು ಮರ ಅಲ್ಲಿ ಆಗಲೇ ಇತ್ತು. ಬರಿಯ ಕುರಿ ಮೇಯ್ದುದರಿಂದ ಕಾಡು ಅಳಿದಿರಲಿಲ್ಲವಾದ್ದರಿಂದ ಕುರಿ ತೆಗೆದೊಡನೆ ಕಾಡು ಬರುವುದೂ ಇಲ್ಲ ಎಂಬುದು.

ಎದುರು ಪಕ್ಷಕ್ಕೂ ಮಾತಿದೆ. ಹಿರಿಯ ವಿಜ್ಞಾನಿ ಇಯಾನ್ ಚಬ್ ಅವರ ನೇತೃತ್ವದ ಸಮಿತಿ 2023ರ ಜನವರಿಯಲ್ಲಿ ಹೊರಬಂದ ವರದಿಯಲ್ಲಿ, ವ್ಯವಸ್ಥೆಯ ಬುನಾದಿ ಸರಿಯಾಗಿಯೇ ಇದೆ, ಪಾರದರ್ಶಕತೆ ಮತ್ತು ಆಡಳಿತ ಸುಧಾರಿಸಬೇಕು ಎಂದಿತು. ನಿಯಂತ್ರಕ ಸಂಸ್ಥೆ ತಾನು ನೇಮಿಸಿದ ತಜ್ಞರ ತಪಾಸಣೆಯನ್ನು ಮುಂದಿಟ್ಟು ಯೋಜನೆಗಳು ನಿರೀಕ್ಷೆಯಂತೆ ಸಾಗುತ್ತಿವೆ ಎನ್ನುತ್ತದೆ. ಮೊಳಕೆಯೊಡೆದ ಮೇಲೆ ಸಸಿಯನ್ನು ಮೇಕೆಯ ಬಾಯಿಂದ ಕಾಯದಿದ್ದರೆ ಎಷ್ಟು ಮಳೆ ಬಂದರೇನು ಎಂಬುದು ಕುರಿಗಾರರ ವಾದ; ಜಾಲಿಮುಳ್ಳು ತಂದು ಸಸಿಯ ಸುತ್ತ ಬೇಲಿ ಕಟ್ಟಿದ ಯಾರೂ ಅದನ್ನು ಅಲ್ಲಗಳೆಯಲಾರರು. ಏನೇ ಆದರೂ ಈ ವಿಧಾನದ ಅವಧಿ 2023ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರಡಿ ಹೊಸ ಯೋಜನೆಗಳಿಗೆ ಅವಕಾಶವಿಲ್ಲ. ಹಳೆಯವು ಕ್ರೆಡಿಟ್ ಪಡೆಯುತ್ತ ಮುಂದುವರಿಯುತ್ತಿವೆ. ಅಣ್ಣನ ಮನೆಗೆ ಫೋಟೋ ತಂದ ಹುಡುಗ ಈ ಸಂಗತಿಯನ್ನು ಹೇಳಿರಲಿಲ್ಲ.

ಯಾವನೋ ಕುರಿಗಾರನಿಗೆ ಸರಕಾರದಿಂದ ನಾಲ್ಕು ಕಾಸು ಹೆಚ್ಚು ಹೋದರೆ ನಮಗೇನು ಎಂದು ನಮ್ಮ ಯಜಮಾನರು ವಾದಿಸಿದ್ದುಂಟು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಕೊಳ್ಳುವವರು ಈಗ ಸರಕಾರ ಮಾತ್ರವಲ್ಲ. ವರ್ಷಕ್ಕೆ ಒಂದು ಲಕ್ಷ ಟನ್ನಿಗಿಂತ ಹೆಚ್ಚು ಹೊಗೆಯುಗುಳುವ ಸುಮಾರು 215 ಗಣಿ, ಕಾರ್ಖಾನೆ, ಅನಿಲ ಘಟಕಗಳು ಪ್ರತಿವರ್ಷ ಶೇಕಡಾ 4.9ರಂತೆ ತಮ್ಮ ಮಿತಿಯನ್ನು ಇಳಿಸಿಕೊಳ್ಳಬೇಕೆಂಬ ನಿಯಮ 2023ರ ಜುಲೈಯಿಂದ ಜಾರಿಯಲ್ಲಿದೆ. ಇಳಿಸಲಾಗದವರು ಕ್ರೆಡಿಟ್ ಕೊಂಡು ಸರಿದೂಗಿಸಬಹುದು. ಹೀಗಾಗಿ ಮಲ್ಗಾ ಸೀಮೆಯ ಒಂದು ಟನ್ ಲೆಕ್ಕದಲ್ಲಿ ಮಾತ್ರ ಇದ್ದು ನೆಲದ ಮೇಲೆ ಇಲ್ಲದಿದ್ದರೆ, ಅದರ ಹೆಸರಿನಲ್ಲಿ ಕಲ್ಲಿದ್ದಲು ಗಣಿ ಉಗುಳಿದ ಒಂದು ಟನ್ ಮಾತ್ರ ನಿಜವಾಗಿಯೂ ಗಾಳಿಯಲ್ಲಿ ಉಳಿಯುತ್ತದೆ. ಆ ಗಾಳಿಗೆ ಆಸ್ಟ್ರೇಲಿಯಾ, ಚಳ್ಳಕೆರೆ ಎಂಬ ಭೇದವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ದಂಪತಿಗಳು ಬೇಲಿ ಕಟ್ಟಿ ನೆಲಕ್ಕೆ ವಿಶ್ರಾಂತಿ ಕೊಟ್ಟದ್ದಕ್ಕೆ ಸರಕಾರ ಹಣ ಕೊಟ್ಟದ್ದು ಸರಿಯೇ. ಆ ಹಣವನ್ನು ಹೊಗೆಯುಗುಳುವ ರಹದಾರಿಯಾಗಿ ಮಾರಿದ್ದು ಮಾತ್ರ ಸರಿಯಲ್ಲ.

2022ರಲ್ಲಿ ಮಗಳ ಸೇವಾವಧಿ ಮುಗಿದು ಸಾಮಾನು ಕಟ್ಟಿ ತರಲು ಮತ್ತೊಮ್ಮೆ ಕನಮಲ್ಲಕ್ಕೆ ಹೋದೆವು. ಎರಡು ವರ್ಷ ಎಡೆಬಿಡದೆ ಮಳೆಯಾಗಿತ್ತು. ಅದೇ ದಾರಿಯೆಂದು ನಂಬಲಾಗದಂತೆ ಎರಡೂ ಬದಿ ಮೊಣಕಾಲೆತ್ತರದ ಹುಲ್ಲು. ಬೇಲಿಯ ಒಳಗಿನ ಗಿಡಗಳು ನನ್ನ ತಲೆ ಮೀರಿದ್ದವು. ಬೇಲಿಯ ಹೊರಗಿನ ಗಿಡಗಳೂ ತಲೆ ಮೀರಿದ್ದವು. ಆದರೆ ಸಣ್ಣ ಸಸಿಗಳು ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂದು ನನ್ನ ಕಣ್ಣಿಗೆ ಕಂಡಿತು. ಇದನ್ನು ಪುರಾವೆಯೆಂದು ನಾನು ಹೇಳುತ್ತಿಲ್ಲ. ಒಂದು ಮಧ್ಯಾಹ್ನದಲ್ಲಿ ಒಬ್ಬ ಗೃಹಿಣಿ ಕಂಡದ್ದಷ್ಟೆ.

ಆದರೆ ಪಟ್ಟಣದಲ್ಲಿ ನನಗೆ ಕಂಡದ್ದು ಬೇರೆ. ನೆರೆಯ ಎರಡು ಸ್ಟೇಷನ್ನುಗಳನ್ನು ನಗರದವರು ಕ್ರೆಡಿಟ್ಟಿಗಾಗಿಯೇ ಕೊಂಡಿದ್ದರು. ಅಲ್ಲಿ ಈಗ ಯಾರೂ ಇಲ್ಲ. ದೀಪ ಉರಿಯುವುದಿಲ್ಲ. ಕುರಿಯಿಲ್ಲವಾದ್ದರಿಂದ ಉಣ್ಣೆ ಕತ್ತರಿಸುವವರು ಬರುವುದಿಲ್ಲ, ಅವರು ಬಾರದಿದ್ದರೆ ಅಡುಗೆಯವರಿಗೆ ಕೆಲಸವಿಲ್ಲ, ಶಾಲೆಯ ಹಾಜರಿಯಲ್ಲಿ ನಾಲ್ಕು ಹೆಸರು ಕಡಿಮೆ. ಮೇಕೆಗಳೂ ಬೆಂಕಿಯೂ ಹೇಳುವವರು ಕೇಳುವವರಿಲ್ಲದ ಆ ನೆಲದಿಂದಲೇ ಪಕ್ಕದವರ ನೆಲಕ್ಕೆ ದಾಟುತ್ತವೆ ಎಂದು ಆ ಮಹಾತಾಯಿ ಹೇಳಿದರು. "ಚೆಕ್ ಮಾತ್ರ ಸರಿಯಾದ ವಿಳಾಸಕ್ಕೆ ಹೋಗುತ್ತದೆ" ಎಂಬುದು ಅವರ ಮಾತು. ಊರಿನಲ್ಲಿಲ್ಲದ ಒಡೆಯರ ಮೇಲೆ ಅವರಿಗಿದ್ದ ಕೋಪವನ್ನು ಕೇಳುತ್ತ ನಾನು ಚಹಾದ ಬಟ್ಟಲನ್ನೇ ನೋಡುತ್ತಿದ್ದೆ. ಚಳ್ಳಕೆರೆಯ ಐದು ಎಕರೆಗೆ ನಾನೂ ಊರಿನಲ್ಲಿಲ್ಲದ ಒಡತಿಯಲ್ಲವೇ? ಈ ಸಮ್ಮೇಳನಕ್ಕೆ ಬಂದಿರುವ ನಮ್ಮಲ್ಲಿ ಎಷ್ಟು ಮಂದಿಗೆ ಪಹಣಿಯಲ್ಲಿ ಮಾತ್ರ ಹೊಲವಿಲ್ಲ?

ಅಣ್ಣನಿಗೆ ಉತ್ತರ ಬರೆಯುವಾಗ ನನಗೆ ಇನ್ನೊಂದು ನೆನಪು ಕಾಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಭರಾಟೆಯಲ್ಲಿ ನಮ್ಮ ತಂದೆಯವರು ನಾಲ್ಕು ಎಕರೆಗೆ ನೀಲಗಿರಿ ಹಾಕಿಸಿದ್ದರು. ಅದೂ ಆಸ್ಟ್ರೇಲಿಯಾದ ಮರವೇ. ಉಳುವುದು ಬೇಡ, ಕಾಯುವುದು ಬೇಡ, ಏಳು ವರ್ಷಕ್ಕೊಮ್ಮೆ ಕಡಿದರೆ ಕೈತುಂಬ ಹಣ ಎಂದು ಆಗಲೂ ಯಾರೋ ಬಂದು ಹೇಳಿದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ತಂದೆಯವರು ಅದನ್ನು ಓದಿ "ತಿಳಿಯದ ಜನ" ಎಂದಿದ್ದರು. ಹತ್ತು ವರ್ಷದ ನಂತರ ಆ ಬುಡಗಳನ್ನು ಕೀಳಿಸಲು ಅವರೇ ಕೂಲಿ ಕೊಟ್ಟರು. ಆ ಮಗ್ಗುಲಿನ ಬಾವಿ ಮತ್ತೆ ತುಂಬಲಿಲ್ಲ.

ಮಲ್ಗಾ ಹಾಗಲ್ಲ. ಅದು ಆ ನೆಲದ್ದೇ ಮರ. ನಮ್ಮ ಬೆದ್ದಲಿನಲ್ಲಿ ಬೇಸಾಯ ನಿಲ್ಲಿಸಿ ಬೀಳು ಬಿಟ್ಟರೆ ಏಳುವುದು ಬನ್ನಿಯೋ ಕಗ್ಗಲಿಯೋ ಅಲ್ಲ, ಮೆಕ್ಸಿಕೋ ಕಡೆಯಿಂದ ಬಂದ ಬಳ್ಳಾರಿ ಜಾಲಿ. ಮೊದಲನೆಯದಾಗಿ ಇದನ್ನು ಬರೆದೆ. ಎರಡನೆಯದು ಇನ್ನೂ ಮುಖ್ಯ. ಕನಮಲ್ಲದ ಯಜಮಾನರು ಬೇಲಿ ಹಾಕಿ ಹೊರಗಿಟ್ಟದ್ದು ಸ್ವಂತ ಕುರಿಗಳನ್ನು. ನಷ್ಟವಿದ್ದರೆ ಅದು ಅವರದೇ. ನಮ್ಮ ಹೊಲದಲ್ಲಿ ಕೊಯ್ಲಾದ ಮೇಲೆ ಮೇಯುವ ಕುರಿಗಳು ನಮ್ಮವಲ್ಲ. ಹಟ್ಟಿಯ ಗೊಲ್ಲರು, ಕುರುಬರು ತಲೆತಲಾಂತರದಿಂದ ಮಂದೆ ತಂದು ನಿಲ್ಲಿಸುತ್ತಾರೆ. ನಮಗೆ ಗೊಬ್ಬರ, ಅವರಿಗೆ ಕಾಳು, ಕುರಿಗಳಿಗೆ ಕೂಳೆ. ಕರಾರಿನಲ್ಲಿ ಯಾರೂ ಅದನ್ನು ಬರೆದಿಲ್ಲ. ನಮ್ಮ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಈ ಶತಮಾನದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾದ ಮೇಲೆ ಅವರಿಗೆ ಮಂದೆ ಹೊಡೆಯಲು ಉಳಿದಿರುವ ಜಾಗವೇ ಕಡಿಮೆ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬರೆದುಕೊಂಡು ಹೋಗುವುದು ಹೊರಗಿನಿಂದ ಬಂದವರ ಹಳೆಯ ಅಭ್ಯಾಸ. ಇಪ್ಪತ್ತೈದು ವರ್ಷದ ಕರಾರಿಗೆ ಸಹಿ ಹಾಕುವ ಮುನ್ನ ಮಂದೆಯ ಯಜಮಾನರನ್ನು ಕರೆದು ಕೂರಿಸಿ ಕೇಳಿ ಎಂದು ಬರೆದೆ. ನೋಂದಣಿ ಯಾವ ಸರಕಾರದ್ದು, ಅಳೆಯುವವರು ಯಾರು, ಮರ ಸತ್ತರೆ ಹಣ ಹಿಂತಿರುಗಿಸಬೇಕೇ, ಅಣ್ಣನ ನಂತರ ಆ ಹೊಣೆ ಯಾರ ತಲೆಗೆ ಬರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ ಎಂದೂ ಸೇರಿಸಿದೆ. ಭಾರತದಲ್ಲಿಯೂ 2023ರಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನು ಸರಕಾರ ಪ್ರಕಟಿಸಿರುವುದರಿಂದ ಇಂಥ ಹುಡುಗರು ಇನ್ನು ಮೇಲೆ ಹೆಚ್ಚಾಗಿಯೇ ಬರುತ್ತಾರೆ. ಅವರೆಲ್ಲರೂ ಮೋಸಗಾರರೆಂದು ನನ್ನ ಅರ್ಥವಲ್ಲ.

ಅಣ್ಣ ಯುಗಾದಿಗೆ ಫೋನ್ ಮಾಡಿದ ಅದೇ ವಾರ ನೈಋತ್ಯ ಕ್ವೀನ್ಸ್‌ಲ್ಯಾಂಡಿನಲ್ಲಿ ಹಿಂದೆಂದೂ ಕಾಣದಂಥ ನೆರೆ ಬಂದಿತ್ತು. ಥಾರ್ಗೋಮಿಂಡಾ ಪಟ್ಟಣವನ್ನೇ ತೆರವು ಮಾಡಿಸಿದರು. ಆ ಸೀಮೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕುರಿ, ದನ, ಮೇಕೆಗಳು ಸತ್ತವು ಇಲ್ಲವೇ ಕಾಣೆಯಾದವು. ನಾನು ಗಾಬರಿಯಿಂದ ಆ ದಂಪತಿಗಳಿಗೆ ಪತ್ರ ಬರೆದಿದ್ದೆ. ಮೂರು ವಾರದ ನಂತರ ಆಕೆಯಿಂದ ಉತ್ತರ ಬಂತು. ಇಬ್ಬರೂ ಕ್ಷೇಮ. ನದಿಯ ಮಗ್ಗುಲಿನ ಬೇಲಿ ಮೈಲಿಗಟ್ಟಲೆ ಕೊಚ್ಚಿಹೋಗಿದೆ, ಪಕ್ಕದ ಖಾಲಿ ಸ್ಟೇಷನ್ನಿನ ಮೇಕೆಗಳು ಒಳಗೆ ಬಂದಿವೆ. ಮಲ್ಗಾ ಹೂಬಿಡುವ ಲಕ್ಷಣವಿದೆ. ಮುಂದಿನ ಮಳೆಯೂ ಒದಗಿದರೆ ಸಸಿ ಏಳುತ್ತವೆ, ಅಷ್ಟರೊಳಗೆ ಬೇಲಿ ಕಟ್ಟಬೇಕು, ಯಜಮಾನರಿಗೆ ಮೊಣಕಾಲು ನೋವು. ಪತ್ರದ ಜೊತೆಯಲ್ಲಿ ಮಳೆಯ ಪುಸ್ತಕದ ಮಾರ್ಚ್ ತಿಂಗಳಿನ ಪುಟದ ಚಿತ್ರವೂ ಇತ್ತು. ಒಂದು ದಿನದ ಮನೆಯಲ್ಲಿ ಅಂಕಿಯಿಲ್ಲ. ಕೊಳವೆ ತುಂಬಿ ಹರಿದುಹೋಯಿತು ಎಂದು ಅಲ್ಲಿ ಬರೆದಿದ್ದರು.